ತಾನಾಗಿ ತಿರುಗಿದ ಕ್ಯಾಮೆರಾ

ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಯೊಬ್ಬರ ಜೊತೆ ಅರಸೀಕೆರೆಯ ಹುಡುಗಿಯರು ಮಾತಾಡುತ್ತಾರಂತೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಕೊಬ್ಬರಿ ಮಂಡಿಯಲ್ಲಿ, ರೈಲ್ವೆ ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಅದೇ ಮಾತು. ಹಾರನಹಳ್ಳಿ ರಸ್ತೆಯ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವ ಉಷಾರಾಣಿಯೇ ಇದಕ್ಕೆಲ್ಲ ಮೂಲ. ಅರ್ಜಿ ಹಾಕಿದವಳು ಅವಳು, ವರ್ಷಕ್ಕಿಂತ ಹೆಚ್ಚು ಕಾಲ ಉತ್ತರಕ್ಕೆ ಕಾದವಳೂ ಅವಳು. ನಿಲ್ದಾಣ ಆಕಾಶದಲ್ಲಿ ಹಾದುಹೋಗುವಾಗ ವಿದೇಶದಲ್ಲಿ ಹವ್ಯಾಸಿಗಳು ನಡೆಸುವ ಒಂದು ಹ್ಯಾಮ್ ರೇಡಿಯೋ ಕೇಂದ್ರ ಅದರ ಜೊತೆ ಸಂಪರ್ಕ ಹಿಡಿಯುತ್ತದೆ. ಅಲ್ಲಿಂದ ಇಂಟರ್ನೆಟ್ ಮೂಲಕ ಧ್ವನಿ ಕಾಲೇಜಿನ ಹಾಲಿಗೆ ಬರುತ್ತದೆ. ಸಿಗುವುದು ಹತ್ತೇ ನಿಮಿಷ. ಆಮೇಲೆ ನಿಲ್ದಾಣ ದಿಗಂತದಾಚೆ ಇಳಿದುಬಿಡುತ್ತದೆ. ತಪ್ಪಿದರೆ ಮತ್ತೆ ಕೊಡುತ್ತಾರೆಂಬ ಭರವಸೆಯಿಲ್ಲ.

ಹಿಂದಿನ ದಿನ ಮಧ್ಯಾಹ್ನ ರಿಹರ್ಸಲ್ ಇತ್ತು. ಮನುಷ್ಯರು ಬಾಹ್ಯಾಕಾಶಕ್ಕೆ ಹೋದ ಕಥೆಯನ್ನು ಹುಡುಗಿಯರು ಹಾಲಿನ ಗೋಡೆಯುದ್ದಕ್ಕೂ ಚಿತ್ರಪಟಗಳಲ್ಲಿ ತೂಗುಹಾಕಿದ್ದರು. ಮೊದಲ ಪ್ರಶ್ನೆ ಕೇಳಬೇಕಾಗಿದ್ದ ಮೇಘಶ್ರೀ, ಜಾವಗಲ್ಲಿನ ಹುಡುಗಿ, ತನ್ನ ಪಟದ ಮುಂದೆ ನಿಂತು ಉಷಾರಾಣಿಗೆ ಒಪ್ಪಿಸುತ್ತಿದ್ದಳು. ಅದು ಎಂಬತ್ತಾರರಲ್ಲಿ ಆಕಾಶದಲ್ಲೇ ಒಡೆದುಹೋದ ನೌಕೆಯ ಪಟ.

"ಚಳಿ ಜಾಸ್ತಿ ಐತೆ, ರಬ್ಬರ್ ಉಂಗುರ ಗಟ್ಟಿಯಾಗುತ್ತೆ, ಹಾರಿಸ್ಬೇಡಿ ಅಂತ ಎಂಜಿನಿಯರುಗಳು ಹಿಂದಿನ ದಿನಾನೇ ಹೇಳಿದ್ರು ಮಿಸ್. ಮೇಲಿನವ್ರು ಒತ್ತಾಯ ಮಾಡಿದ್ಮೇಲೆ ಅವರ ಕಂಪನಿನೇ ಒಪ್ಕೊಂಬಿಡ್ತು. ಏಳು ಜನ ಹೋದ್ರು. ಅದರಲ್ಲಿ ಒಬ್ರು ಸ್ಕೂಲ್ ಟೀಚರ್."

"'ಐತೆ' ಬೇಡ, 'ಇದೆ' ಅನ್ನು. ನಾಳೆ ಜನ ಇರ್ತಾರೆ," ಎಂದಳು ಉಷಾರಾಣಿ. ಅವಳ ಗಮನ ಪಟದ ಮೇಲಿರಲಿಲ್ಲ. ಸ್ಪೀಕರಿನಲ್ಲಿ ವಿದೇಶದ ಕೇಂದ್ರದವನ ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಎರಡು ಮಾತು ಕೇಳಿಸಿದರೆ ನಾಲ್ಕು ಮಾತು ನುಂಗಿಹೋಗುತ್ತಿದ್ದವು. ಪ್ರಿನ್ಸಿಪಾಲ್ ಗಂಗಾಧರಪ್ಪನವರು ಹಾಲಿನ ಒಳಗೂ ಹೊರಗೂ ಓಡಾಡಿ ಬೆವರಿದ್ದರು.

"ಏನಾದ್ರೂ ಮಾಡಿ ಉಷಾ ಅವ್ರೇ. ನಾಳೆ ಹಿಂಗಾದ್ರೆ ಊರಿನ ಮುಂದೆ ನಮ್ಮ ಮುಖ ಎಲ್ಲಿಡೋದು?"

ಅವಳು ಲ್ಯಾಪ್‌ಟಾಪ್ ತೆಗೆದುಕೊಂಡು ಲ್ಯಾಬಿಗೆ ಹೋದಳು. ಮಕ್ಕಳಿಗೆ ಪಾಠದಲ್ಲಿ ತೋರಿಸುವ ಎನ್‌ಮ್ಯಾಪ್ ಅನ್ನೇ ಓಡಿಸಿದಳು. ಒಂದು ನೆಟ್‌ವರ್ಕಿನಲ್ಲಿ ಯಾವ್ಯಾವ ಯಂತ್ರಗಳಿವೆ, ಯಾವುದರ ಯಾವ ಬಾಗಿಲು ತೆರೆದಿದೆ ಎಂದು ತಟ್ಟಿ ನೋಡುವ ಸಾಧನ ಅದು. ಆಫೀಸಿನ ಕಂಪ್ಯೂಟರುಗಳು, ಪ್ರಿಂಟರ್, ಹಾಲಿನ ಟಿವಿ ಎಲ್ಲ ಇದ್ದ ಹಾಗೇ ಇದ್ದವು. ಸಿಸಿಟಿವಿಯ ರೆಕಾರ್ಡರ್ ಒಂದೇ ಎಲ್ಲ ಬಾಗಿಲುಗಳನ್ನೂ ಹಾರುಹೊಡೆದುಕೊಂಡು ಕೂತಿತ್ತು. ವೈರ್‌ಶಾರ್ಕ್ ತೆರೆದು ತಂತಿಯ ಮೇಲೆ ಹರಿಯುವುದನ್ನು ನೋಡಿದಳು. ಆ ರೆಕಾರ್ಡರಿನಿಂದ ಬಿಡುವಿಲ್ಲದೆ ಏನೋ ಹೊರಗೆ ಹೋಗುತ್ತಿತ್ತು, ಅವಳಿಗೆ ಗೊತ್ತಿಲ್ಲದ ಯಾವುದೋ ವಿಳಾಸಕ್ಕೆ. ಕಾಲೇಜಿನ ಇಂಟರ್ನೆಟ್ಟಿನ ಬಹುಪಾಲನ್ನು ಅದೇ ನುಂಗುತ್ತಿತ್ತು. ಸಾಲದ್ದಕ್ಕೆ ಹೊರಗಿನಿಂದ ಒಳಕ್ಕೂ ಆಗಾಗ ಸಣ್ಣ ಸಣ್ಣ ಆದೇಶಗಳು ಬರುತ್ತಿದ್ದವು.

ರೆಕಾರ್ಡರಿನ ಪುಟ ತೆರೆದಾಗ ಪಾಸ್‌ವರ್ಡ್ ಕೇಳಿತು. ಕಾರ್ಖಾನೆಯಲ್ಲೇ ಹಾಕಿ ಕಳಿಸುವ, ಮಕ್ಕಳಿಗೂ ಗೊತ್ತಿರುವ ಆ ಪಾಸ್‌ವರ್ಡನ್ನು ಸುಮ್ಮನೆ ಒತ್ತಿ ನೋಡಿದಳು. ತೆರೆದುಕೊಂಡಿತು.

ಪರದೆಯ ಮೇಲೆ ಕ್ಯಾಮೆರಾಗಳ ಚಿತ್ರಗಳು ಬಂದವು: ಗೇಟು, ಆಫೀಸು, ಹಾಲು, ಹಾಸ್ಟೆಲಿನ ಹಿಂದಿನ ಅಂಗಳ. ಹೋದ ವರ್ಷ ಯಾರೋ ಗೋಡೆ ಹಾರಿ ಬಂದಿದ್ದರೆಂದು ಅಂಗಳಕ್ಕೆ ಸುತ್ತ ತಿರುಗುವ ಕ್ಯಾಮೆರಾ ಹಾಕಿಸಿದ್ದರು. ಅದು ಗೋಡೆಯ ಕಡೆಗೇ ನೋಡುತ್ತಿರಬೇಕಿತ್ತು. ಉಷಾರಾಣಿ ನೋಡುತ್ತಿದ್ದಂತೆಯೇ ಚಿತ್ರದಲ್ಲಿ ಗೋಡೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಬಟ್ಟೆ ಒಣಹಾಕುವ ಹಗ್ಗ ಬಂತು, ಒಗೆಯುವ ಕಲ್ಲು ಬಂತು. ನಾಳೆ ಪುರುಸೊತ್ತಿರುವುದಿಲ್ಲವೆಂದು ತಲೆಗೆ ನೀರು ಹಾಕಿಕೊಂಡು ಬಂದಿದ್ದ ಮೇಘಶ್ರೀ ಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಕ್ಯಾಮೆರಾ ಅಲ್ಲಿ ನಿಂತಿತು. ಆಮೇಲೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಕ್ಯಾಮೆರಾ ತಿರುಗಿಸಲು ಬರುವುದು ಪ್ರಿನ್ಸಿಪಾಲರ ಕೋಣೆಯಿಂದ ಮಾತ್ರ. ಅದಕ್ಕೆ ಬೀಗ ಬಿದ್ದಿತ್ತು. ಕಿಟಕಿಯಾಚೆ ಗಂಗಾಧರಪ್ಪನವರು ಶಾಮಿಯಾನದವನ ಜೊತೆ ಮಾತಾಡುತ್ತಾ ನಿಂತಿದ್ದರು.

ಅವಳು ಮೆಟ್ಟಿಲಿಳಿದು ಓಡಿದಳು. ಆಫೀಸಿನ ಪಕ್ಕದ ಕೊಠಡಿಯ ಮೂಲೆಯಲ್ಲಿದ್ದ ರೆಕಾರ್ಡರಿನ ನೆಟ್ ತಂತಿಯನ್ನು ಕಿತ್ತಳು. ತುಸು ಹೊತ್ತಿನಲ್ಲೇ ಹಾಲಿನಿಂದ ಚಪ್ಪಾಳೆ ಕೇಳಿಸಿತು. ವಿದೇಶದವನ ದನಿ ಗಂಟೆ ಹೊಡೆದಂತೆ ಸ್ವಚ್ಛವಾಗಿ ಬರುತ್ತಿತ್ತು.

"ಶಹಭಾಸ್ ಉಷಾ ಅವ್ರೇ," ಎಂದು ಗಂಗಾಧರಪ್ಪನವರು ನಕ್ಕರು. ಅವಳು ಅವರನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದಳು. ಅವರ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. ಕನ್ನಡಕ ತೆಗೆದು ಒರೆಸಿಕೊಂಡರು.

"ತಂತಿ ತೆಗೆದಿದೀರಲ್ಲ, ಇನ್ನೇನೂ ಆಗಲ್ವಲ್ಲ? ನಾಳೆ ಒಂದು ದಿನ ಕಳೀಲಿ. ಆಮೇಲೆ ಕಂಪ್ಲೇಂಟ್ ಕೊಡೋಣ. ಈಗ ಬಾಯಿ ಬಿಟ್ರೆ ಅಪ್ಪ ಅಮ್ಮಂದಿರು ಮಕ್ಕಳನ್ನ ಗಾಡಿ ಹತ್ತಿಸ್ಕೊಂಡು ಹೊರಟೇಬಿಡ್ತಾರೆ. ಅಷ್ಟಕ್ಕೂ ಕ್ಯಾಮೆರಾ ಹಾಕಿದ್ದು ಯಾರು ಅಂತ ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಹಾಕಿದವನು ಅವಳ ಗಂಡ ಚನ್ನೇಶ್.

ಬಸ್ ಸ್ಟ್ಯಾಂಡಿನ ಹಿಂದಿದ್ದ ಅಂಗಡಿಯಲ್ಲಿ ಚನ್ನೇಶ್ ಏಣಿಯ ಮೇಲೆ ನಿಂತು ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ಸಂಜೆ ಕಾಲೇಜಿನಿಂದ ನೇರವಾಗಿ ಅಲ್ಲಿಗೆ ಬಂದ ಹೆಂಡತಿಯ ಮುಖ ನೋಡಿಯೇ ಇಳಿದು ಬಂದ. ಅವಳು ಹೇಳಿದ್ದನ್ನೆಲ್ಲ ಕೇಳಿ ಸ್ಟೂಲಿನ ಮೇಲೆ ಕೂತುಬಿಟ್ಟ.

"ಪಾಸ್‌ವರ್ಡ್ ಬದಲಾಯ್ಸಿ ಅಂತ ಹೇಳಿರ್ತೀನಿ ಎಲ್ರಿಗೂ," ಎಂದ.

"ಹೇಳಿರ್ತೀರಾ, ಹೇಳಿದೀರಾ?"

ಅವನು ಏಣಿಯ ಕಡೆ ಮುಖ ತಿರುಗಿಸಿದ.

"ಬೇರೆ ಕಡೇನೂ ಹಿಂಗೇನಾ ರೀ ಹಾಕಿರೋದು?"

"ಮಂಡಿಗಳಲ್ಲಿ ಹಾಕಿದೀನಿ. ಬೇಲೂರು, ಹಳೇಬೀಡಲ್ಲಿ ಲಾಡ್ಜುಗಳಿಗೆ. ಜಾವಗಲ್ಲಲ್ಲಿ ಮನೆಗಳಿಗೆ." ಅವನ ದನಿ ಇಳಿಯುತ್ತಾ ಹೋಯಿತು. "ಎಲ್ಲಾ ಕಡೆ ಅದೇ ಪಾಸ್‌ವರ್ಡು, ಉಷಾ. ರಿಪೇರಿಗೆ ಹೋದಾಗ ಸುಲಭ ಆಗ್ಲಿ ಅಂತ. ನಾನು ಯಾರಿಗೂ ಕೆಟ್ಟದ್ದು ಬಯಸ್ದೋನಲ್ಲ."

"ನಂಗೊತ್ತು."

"ಹಂಗಾದ್ರೆ ಸುಮ್ನಿರು. ನಾನೇ ಒಂದೊಂದೇ ಕಡೆ ಹೋಗಿ, ಸರ್ವಿಸ್ ಅಂತ ಹೇಳಿ ಬದಲಾಯಿಸ್ಕೊಂಡು ಬರ್ತೀನಿ. ಯಾರಿಗೂ ತಿಳಿಯೋದು ಬೇಡ. ತಿಳಿದ್ರೆ ಈ ಊರಲ್ಲಿ ನನ್ನನ್ನ ಯಾರು ಒಳಗೆ ಬಿಟ್ಕೋತಾರೆ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗಾಗಲಿಲ್ಲ. ಎಲ್ಲವೂ ಸರಿಹೋಗುತ್ತಿತ್ತು, ನಾಳೆಯ ಕಾರ್ಯಕ್ರಮವೂ ಸರಾಗವಾಗಿ ನಡೆಯುತ್ತಿತ್ತು. ಆದರೂ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವಾಗ, ತಟ್ಟೆ ತೊಳೆಯುವಾಗ, ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು. ಅಡುಗೆಮನೆಯ ಕಿಟಕಿ ಮುಚ್ಚಿದಳು.

ಬೆಳಿಗ್ಗೆ ಕಾಲೇಜಿಗೆ ಬೇಗ ಬಂದು ಮೊದಲು ರೆಕಾರ್ಡರಿದ್ದ ಕೊಠಡಿಗೆ ಹೋದಳು. ರೆಕಾರ್ಡರಿನ ಹಸಿರು ದೀಪ ಮಿಣುಕುತ್ತಿತ್ತು. ತಂತಿ ಮತ್ತೆ ಸಿಕ್ಕಿಸಿಯಾಗಿತ್ತು.

"ಯಾರು ಹಾಕಿದ್ದು ಇದನ್ನ?" ಎಂದು ಬಾಗಿಲಲ್ಲಿದ್ದ ಅಟೆಂಡರ್ ಜವರಪ್ಪನನ್ನು ಕೇಳಿದಳು.

"ನಾನೇ ಕಣಮ್ಮಾ. ದೊಡ್ಡೋರೆಲ್ಲಾ ಬತ್ತಾರೆ, ಕ್ಯಾಮ್ರ ನಡೀತಾ ಇರ್ಬೇಕು, ಎಲ್ಲಾ ತಂತಿ ನೋಡ್ಕೊ ಅಂದಿದ್ರು ಸಾಹೇಬ್ರು. ಇದು ಬಿದ್ದೋಗಿತ್ತು, ಸಿಗಿಸ್ದೆ. ತಪ್ಪಾಯ್ತಾ?"

"ಯಾವಾಗ?"

"ಹೊತ್ತು ಹುಟ್ಟೋಕ್ಮುಂಚೇನೇ."

ಬೆಳಗಿನ ಜಾವದಿಂದ ಹಾಸ್ಟೆಲಿನ ಹುಡುಗಿಯರೆಲ್ಲ ಮಿಂದು, ಬಟ್ಟೆ ಒಣಹಾಕಿ, ಆ ಅಂಗಳದಲ್ಲೇ ತಲೆ ಬಾಚಿಕೊಂಡು ಹೋಗಿದ್ದರು. ಉಷಾರಾಣಿ ತಂತಿಯನ್ನಷ್ಟೇ ಅಲ್ಲ, ಕರೆಂಟಿನ ಪ್ಲಗ್ಗನ್ನೂ ಕಿತ್ತು, ರೆಕಾರ್ಡರನ್ನೇ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಜವರಪ್ಪನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನದೇನೂ ತಪ್ಪಿರಲಿಲ್ಲ. ಯಾರಿಗೂ ಹೇಳದೆ ಸುಮ್ಮನಿದ್ದದ್ದಕ್ಕೇ ಹೀಗಾಯಿತು ಎಂಬುದು ಅವಳಿಗೆ ಆಗ ಮನದಟ್ಟಾಯಿತು. ನಿನ್ನೆ ಅರೆಕಿವಿಯಲ್ಲಿ ಕೇಳಿಸಿಕೊಂಡಿದ್ದ, ಒಡೆದ ನೌಕೆಯ ಪಟದ ಮಾತು ನೆನಪಾಯಿತು. ಅಲ್ಲಿಯೂ ಗೊತ್ತಿದ್ದವರಿದ್ದರು.

ಗಂಗಾಧರಪ್ಪನವರು ಹೊಸ ಪಂಚೆ, ಶಲ್ಯದಲ್ಲಿ ಬಂದರು.

"ಸಾರ್, ನಾನು ಮಕ್ಕಳಿಗೆ ಹೇಳ್ತೀನಿ. ಈಗಲೇ."

"ಇನ್ನು ಎರಡು ಗಂಟೆ ಇದೆ ಅಷ್ಟೇ ಉಷಾ ಅವ್ರೇ. ಎರಡು ಗಂಟೆ ತಡ್ಕೊಳ್ಳಿ."

"ನಿನ್ನೆ ಒಂದು ದಿನ ಅಂದ್ರಿ ಸಾರ್. ಅಷ್ಟರಲ್ಲಿ ತಂತಿ ಮತ್ತೆ ಸಿಗಿಸಿಯಾಗಿದೆ, ಇನ್ನೊಂದ್ಸಲ ನೋಡಿರ್ತಾರೆ."

"ನಿಮ್ಮ ಯಜಮಾನರ ಗತಿ ಯೋಚನೆ ಮಾಡಿದೀರಾ?"

"ಮಾಡಿದೀನಿ," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಹೋದರೆ ಅಳು ಬರುತ್ತಿತ್ತು.

ವಾರ್ಡನ್ ಪ್ರತಿಮಾಳನ್ನು ಜೊತೆಗೆ ಕರೆದುಕೊಂಡು ಹಾಸ್ಟೆಲಿನ ಊಟದ ಕೋಣೆಯಲ್ಲಿ ಹುಡುಗಿಯರನ್ನು ಕೂರಿಸಿದಳು. ಮುಚ್ಚುಮರೆಯಿಲ್ಲದೆ ಹೇಳಿದಳು. ಅಂಗಳದ ಕ್ಯಾಮೆರಾವನ್ನು ಹೊರಗಿನವರು ಯಾರೋ ಹಿಡಿದುಕೊಂಡಿದ್ದರು. ಎಷ್ಟು ದಿನದಿಂದ ಎಂದು ತಿಳಿಯದು. ಬಚ್ಚಲಲ್ಲಿ ಕ್ಯಾಮೆರಾ ಇಲ್ಲ, ಕೋಣೆಗಳಲ್ಲಿ ಇಲ್ಲ. ಹಾಕಿದ್ದು ತನ್ನ ಗಂಡ. ನಿನ್ನೆಯೇ ತನಗೆ ತಿಳಿದಿತ್ತು, ನಿನ್ನೆಯೇ ಹೇಳಬೇಕಿತ್ತು. ಇವತ್ತೇ ಪೊಲೀಸರಿಗೆ ದೂರು ಹೋಗುತ್ತದೆ.

ಒಬ್ಬಳು ದುಪಟ್ಟಾ ಎಳೆದುಕೊಂಡು ಭುಜ ಮುಚ್ಚಿಕೊಂಡಳು. ಅದನ್ನು ನೋಡಿ ಪಕ್ಕದವಳೂ ಎಳೆದುಕೊಂಡಳು. ಪ್ರತಿಮಾ ಅತ್ತ ತಿರುಗಿ ಕಣ್ಣೊರೆಸಿಕೊಂಡಳು.

"ಯಾರನ್ನ ನೋಡಿದ್ರು ಮಿಸ್?" ಎಂದು ಮೇಘಶ್ರೀ ಕೇಳಿದಳು.

ಉಷಾರಾಣಿ ಅವಳನ್ನು ಹೊರಗೆ ಕರೆದು, ತಾನು ಕಂಡದ್ದನ್ನು ಅವಳಿಗೊಬ್ಬಳಿಗೇ ಹೇಳಿದಳು. ಹುಡುಗಿ ಕೇಳಿಸಿಕೊಂಡು ತನ್ನ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೇ.

ಸುದ್ದಿ ಶಾಮಿಯಾನಕ್ಕೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಮೇಘಶ್ರೀಯ ಅಪ್ಪ ಮರುಳಪ್ಪ ಜಾವಗಲ್ಲಿನಿಂದ ಮನೆಮಂದಿಯನ್ನೆಲ್ಲ ಟೆಂಪೋದಲ್ಲಿ ಕರೆತಂದಿದ್ದರು. ಅವರು ಸೀದಾ ಉಷಾರಾಣಿಯ ಮುಂದೆ ಬಂದು ನಿಂತರು.

"ನಿಮ್ಮನ್ನ ನಂಬಿ ಬಿಟ್ಟಿದ್ವಿ ಕಣ್ರೀ," ಎಂದರು. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. "ನಡಿಯವ್ವ, ಬಟ್ಟೆ ಕಟ್ಕೋ."

"ಮಾತಾಡಿ ಬತ್ತೀನಿ ಅಪ್ಪಾಜಿ," ಎಂದಳು ಮೇಘಶ್ರೀ.

"ಇನ್ನೇನು ಮಾತು?"

"ಅವ್ರ ಹತ್ರ ಮಾತಾಡಿ ಬತ್ತೀನಿ. ಆಮ್ಯಾಕೆ ನೀವು ಎಲ್ಲಿಗೆ ಕರದ್ರೂ ಬತ್ತೀನಿ."

ಮರುಳಪ್ಪ ಹಾಲಿನ ಬಾಗಿಲಲ್ಲಿ ಕೈಕಟ್ಟಿ ನಿಂತರು. ಒಳಗೆ ಅರ್ಧ ಕುರ್ಚಿಗಳು ಖಾಲಿಯಿದ್ದವು. ವಿದೇಶದ ಕೇಂದ್ರದವನು ನಿಲ್ದಾಣವನ್ನು ಕರೆಯುತ್ತಿದ್ದ. ಉತ್ತರವಿಲ್ಲ, ಬರೀ ಗರಗರ ಸದ್ದು. ಮತ್ತೆ ಕರೆದ. ಉಷಾರಾಣಿ ಸ್ಪೀಕರಿನ ಹತ್ತಿರಕ್ಕೆ ಸರಿದಳು. ಇಷ್ಟೆಲ್ಲ ಆದ ಮೇಲೆ ಇದೂ ಕೈಕೊಟ್ಟರೆ ಈ ಮಕ್ಕಳಿಗೆ ಉಳಿಯುವುದು ಆ ಕ್ಯಾಮೆರಾ ಒಂದೇ. ಮೂರನೆಯ ಸಲ ಗರಗರದ ನಡುವಿನಿಂದ ಒಂದು ಹೆಣ್ಣುದನಿ ಎದ್ದುಬಂತು. ಕೇಳಿಸುತ್ತಿದೆ, ಚೆನ್ನಾಗಿ ಕೇಳಿಸುತ್ತಿದೆ ಎಂದಿತು.

ಮೇಘಶ್ರೀ ಮೈಕಿನ ಮುಂದೆ ನಿಂತಳು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಪ್ರಶ್ನೆಯ ಮೊದಲ ಪದಕ್ಕೇ ತಡವರಿಸಿದಳು. ಅವಳು ಕಣ್ಣುಮುಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿ, ಅಷ್ಟು ಎತ್ತರದಲ್ಲಿದ್ದಾಗ ಎಂದಾದರೂ ಹೆದರಿಕೆ ಆಯಿತೇ ಎಂದು ಕೇಳಿದಳು.

ಆಯಿತು ಎಂದರು ಆ ಗಗನಯಾತ್ರಿ. ಹೆದರಿಕೆಯಾದಾಗ ನಾವು ಅದನ್ನು ಜೋರಾಗಿ ಹೇಳಿಕೊಳ್ಳುತ್ತೇವೆ. ನಮಗಿಂತ ಮುಂಚೆ ಹೋಗಿ ಮರಳಿ ಬಾರದವರಿಂದ ಕಲಿತದ್ದು ಅದನ್ನೇ ಎಂದರು. ಕೊನೆಯ ಮಾತುಗಳು ಗರಗರದಲ್ಲಿ ಮುಳುಗಿದವು. ಉಳಿದ ಹುಡುಗಿಯರು ಒಬ್ಬರಾದ ಮೇಲೊಬ್ಬರು ಬಂದು ಕೇಳಿದರು. ನಿಲ್ದಾಣ ಇಳಿದುಹೋಗುವಷ್ಟರಲ್ಲಿ ಕೊನೆಯ ಇಬ್ಬರ ಪ್ರಶ್ನೆ ಉಳಿದೇಹೋಯಿತು.

ಮೇಘಶ್ರೀ ಅಪ್ಪನ ಜೊತೆ ಟೆಂಪೋ ಹತ್ತಿದಳು. ಉಷಾರಾಣಿ ಗೇಟಿನವರೆಗೆ ಹೋದಳು. ಹುಡುಗಿ ಕೈಬೀಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನೆಟ್ಟ ನೋಟದಿಂದ ಅವಳನ್ನು ನೋಡುತ್ತಲೇ ಹೋದಳು.

ಮಧ್ಯಾಹ್ನ ಗಂಗಾಧರಪ್ಪನವರು ತಾವೇ ದೂರು ಬರೆದು ಸಹಿ ಮಾಡಿದರು. ರೆಕಾರ್ಡರನ್ನು ಹಾಸನದ ಸೈಬರ್ ಪೊಲೀಸರು ಒಯ್ದರು. ಕ್ಯಾಮೆರಾ ತಿರುಗಿಸಿದವರು ಯಾವ ದೇಶದಲ್ಲಿ ಕೂತಿದ್ದರು ಎಂಬುದು ಕೂಡ ಇನ್ನೂ ಗೊತ್ತಾಗಿಲ್ಲ. ಠಾಣೆಗೆ ಚನ್ನೇಶನನ್ನೂ ಕರೆಸಿ ಹೇಳಿಕೆ ತೆಗೆದುಕೊಂಡರು. ಬಹಳ ದಿನ ಅವನು ಹೆಂಡತಿಯ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದ. ಮೇಘಶ್ರೀ ತಿಂಗಳಾದ ಮೇಲೆ ಮರಳಿ ಬಂದಳು; ಹಾಸ್ಟೆಲಿಗಲ್ಲ, ದಿನಾ ಜಾವಗಲ್ಲಿನಿಂದ ಬಸ್ಸಿನಲ್ಲಿ.

ಒಂದು ಭಾನುವಾರ ಚನ್ನೇಶ್ ಬೈಕ್ ಹೊರಗೆ ತೆಗೆದು, "ಲ್ಯಾಪ್‌ಟಾಪ್ ತಗೊ. ಸುಳ್ಳು ಹೇಳ್ಕೊಂಡು ಹೋಗೋದು ನನ್ನ ಕೈಲಾಗಲ್ಲ. ನೀನೂ ಬಾ," ಎಂದ. ಆಮೇಲೆ ರಜೆ ಸಿಕ್ಕಾಗಲೆಲ್ಲ ಇಬ್ಬರೂ ಅವನು ಕ್ಯಾಮೆರಾ ಹಾಕಿದ ಕಡೆಗೆಲ್ಲ ಹೋದರು. ಹೀಗೆ ಆಗಿದೆ, ನನ್ನಿಂದ ತಪ್ಪಾಗಿದೆ ಎಂದು ಅವನು ಹೇಳುತ್ತಿದ್ದ. ಅವಳು ಪರೀಕ್ಷಿಸಿ ತೆರೆದ ಬಾಗಿಲುಗಳನ್ನು ಮುಚ್ಚುತ್ತಿದ್ದಳು. ಒಂದು ಮಂಡಿಯವರು ಹೊಸಿಲು ದಾಟಲೂ ಬಿಡಲಿಲ್ಲ. ಹಳೇಬೀಡಿನ ಲಾಡ್ಜಿನವನು ಇದ್ದ ಕ್ಯಾಮೆರಾಗಳನ್ನೆಲ್ಲ ಕಿತ್ತು ಚನ್ನೇಶನ ಕಾಲಬುಡಕ್ಕೆ ಹಾಕಿದ. ಬೇಲೂರಿನವನೊಬ್ಬ ಕಾಫಿ ಕೊಟ್ಟು, "ಬಂದು ಹೇಳಿದ್ರಲ್ಲ," ಎಂದ.

ಜಾವಗಲ್ಲಿನ ಒಂದು ಮನೆಯಲ್ಲಿ ಕ್ಯಾಮೆರಾ ನಡುಮನೆಯ ತೊಟ್ಟಿಲಿನ ಮೇಲಿತ್ತು. ಮಗು ಮಲಗಿತ್ತು. ಉಷಾರಾಣಿ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಾಗ, ತೊಟ್ಟಿಲು ತೂಗುತ್ತಿದ್ದ ಅಜ್ಜಿ ಲಕ್ಕಮ್ಮ ತಲೆಯೆತ್ತಿ ಕೇಳಿದರು.

"ಈಗ ಯಾರೂ ನೋಡಾಕಿಲ್ವಾ ಮಗಾ?"

ಇಲ್ಲ ಎನ್ನುವುದು ಸುಲಭವಿತ್ತು. ಚನ್ನೇಶ್ ಅವಳ ಮುಖವನ್ನೇ ನೋಡುತ್ತಿದ್ದ.

"ನಂಗೆ ಗೊತ್ತಿರೋ ಬಾಗಿಲೆಲ್ಲಾ ಮುಚ್ಚಿದೀನಿ ಅಜ್ಜಿ," ಎಂದಳು. "ಆದ್ರೂ ಮಗು ಮೇಲೆ ಇದು ಬೇಡ. ತೆಗೆದುಬಿಡೋಣ."

ಚನ್ನೇಶ್ ಏಣಿ ತರಲು ಹೊರಗೆ ಹೋದ.