ಇನ್ನೊಂದು ಕೈಗವಸು

ಮತ್ತೆ ಅದೇ ಕಿರ್ರ್, ಮೇಲ್ವಿಚಾರಕರ ಹೊಸ ಬೂಟು, ಬಾಗಿಲಿನಿಂದ ಕರಿಹಲಗೆಯವರೆಗೆ ಕಿರ್ರ್, ಅಲ್ಲಿಂದ ಕಿಟಕಿಗೆ ಕಿರ್ರ್, ಪರೀಕ್ಷೆಯ ದಿನವೇ ಹೊಸ ಬೂಟು ಹಾಕಿಕೊಂಡು ಬರಬೇಕಿತ್ತೇ ಈ ಪುಣ್ಯಾತ್ಮ, ಕಿಟಕಿಗೆ ಅಡ್ಡ ನಿಂತರೆ ಗೇಟು ಕಾಣುವುದಿಲ್ಲ, ಸ್ವಲ್ಪ ಸರೀರಿ ಸಾರ್, ಅಲ್ಲಿಗೆ ಅಪ್ಪ ಬರಬೇಕು, ಅಮ್ಮನ ಆಪರೇಷನ್ ಮುಗಿದ ಕೂಡ್ಲೇ ಬಂದು ಗೇಟಿನ ಹತ್ರ ನಿಂತ್ಕೋತೀನಿ, ನಾನು ಕೈ ಎತ್ತಿದ್ರೆ ಎಲ್ಲ ಸರಿಹೋಯ್ತು ಅಂತ ತಿಳ್ಕೋ, ಎಂದಿದ್ದ ಅಪ್ಪ, ಎತ್ತದಿದ್ದರೆ ಏನಂತ ಇವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಇಬ್ಬರೂ ಆಸ್ಪತ್ರೆಯ ಗೋಡೆಯ ಮೇಲಿದ್ದ ಗಡಿಯಾರ ನೋಡಿದರು — ಸರಿದರು, ಸದ್ಯ, ಗೇಟಿನಲ್ಲಿ ಕಾವಲುಗಾರನ ಖಾಲಿ ಸ್ಟೂಲು ಮಾತ್ರ, ಎದೆ ಕೊಯ್ದು ಹೃದಯದ ಕವಾಟ ಬದಲಾಯಿಸುವುದೆಂದರೆ ಅಷ್ಟು ಬೇಗ ಮುಗಿದೀತೇ, ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದ ಹಾಗೆ ಕಣೇ ಎಂದು ಅಮ್ಮ ನಕ್ಕಿದ್ದಳು, ನಗುವಾಗಲೂ ಮೂಗಿನ ತುದಿಯಲ್ಲಿ ಬೆವರು, ಆಮೇಲೆ ಸ್ಟ್ರೆಚರಿನ ಮೇಲೆ ಮಲಗಿ ಅಮ್ಮ ಹೇಳಿದ ಮಾತು — ಬೇಡ, ಅದು ಈಗ ಬೇಡ, ಆಮೇಲೆ ನೆನೆಸಿಕೊಂಡರಾಯಿತು, ಪ್ರಶ್ನೆ ನೋಡು, ಬರೆ.

ಕೊನೆಯ ಪ್ರಶ್ನೆ, ಕಾದಂಬರಿಯ ಮುಕ್ತಾಯದಲ್ಲಿ ಕೆಂಪು ಕೈಗವಸಿನ ಮಹತ್ವವೇನು, ವಿವರಿಸಿ, ಓದಿದಾಗ ಹಿಗ್ಗಿಬಿಟ್ಟಿದ್ದಳು, ಇದು ಅವಳಿಗೆ ನೀರು ಕುಡಿದಷ್ಟು ಸುಲಭ, ಬೇರೆಯವರೆಲ್ಲ ಗೈಡು ಉರು ಹೊಡೆದವರು, ಅವಳಿಗೆ ಅಮ್ಮನಿಗೆ ಹೇಳಿ ಹೇಳಿಯೇ ಬಾಯಿಪಾಠವಾದ ಕಾದಂಬರಿ ಇದು, ಕಣ್ಣಿನಲ್ಲಿ ಇಂಗ್ಲಿಷು, ಬಾಯಲ್ಲಿ ಮನೆಮಾತು, ಅಮ್ಮ ಹೊಲಿಗೆ ಮಿಷನ್ನಿನ ಮುಂದೆ, ಕಥೆ ಬಿಗಿಯಾದಲ್ಲಿ ಮಿಷನ್ನು ನಿಂತುಬಿಡುತ್ತಿತ್ತು, ಆಮೇಲೇನಾಯ್ತೇ, ಬೇಗ ಹೇಳು, ಗಿರಾಕಿ ರವಿಕೆಗೆ ಬಂದುಬಿಡ್ತಾಳೆ, ಇಂಗ್ಲಿಷ್ ಸಾಹಿತ್ಯ ತೆಗೆದುಕೊಳ್ಳುತ್ತೇನೆ ಎಂದಾಗ ಚಿಕ್ಕಮ್ಮ ಮೂಗು ಮುರಿದಿದ್ದಳು, ಯಾರ್ಯಾರದೋ ಕಥೆ ಓದಿ ಇವಳೇನು ಉದ್ಧಾರ ಆಗ್ತಾಳೆ, ಅಮ್ಮ ಬಾಯಲ್ಲಿದ್ದ ದಾರ ತೆಗೆದು, ಓದ್ಲಿ ಬಿಡೇ, ನಂಗೂ ಹೇಳ್ತಾಳೆ, ಅಷ್ಟೇ, ಮಾತು ಮುಗಿದೇಹೋಯಿತು, ಕಾದಂಬರಿಯಲ್ಲಿ ಒಬ್ಬ ಹುಡುಗನಿಗೆ ಜ್ವರ, ಅವನ ತಾಯಿ ಔಷಧಿ ತರಲು ಹೆಪ್ಪುಗಟ್ಟಿದ ನದಿಯ ಮೇಲೆ ನಡೆದುಕೊಂಡು ಆಚೆ ದಡಕ್ಕೆ ಹೋಗುತ್ತಾಳೆ, ನದಿ ಮೇಲೆ ನಡ್ಕೊಂಡಾ, ಸುಳ್ಳು ಹೇಳ್ಬೇಡ, ಇಲ್ಲಮ್ಮ, ಅಲ್ಲಿ ಚಳಿಗೆ ನೀರು ಕಲ್ಲಿನ ಹಾಗಾಗುತ್ತೆ, ಅಮ್ಮ ಆ ಹೆಂಗಸಿಗಾಗಿ ಮೂರು ಹೊತ್ತೂ ಮರುಗಿದಳು, ಅಡುಗೆಮನೆಯಲ್ಲೂ ಅವಳದೇ ಚಿಂತೆ, ಪಾಪ, ಎಲ್ಲಿಗೆ ಬಂದಿರ್ತಾಳೋ.

ಬರೆದದ್ದನ್ನು ಒಮ್ಮೆ ಓದಿಕೋ, ಫುಲ್‌ಸ್ಟಾಪ್ ಮೇಡಂ ಯಾವಾಗಲೂ ಹೇಳುವುದು ಅದೇ, ಇಂಗ್ಲಿಷ್ ಮೇಡಮ್ಮಿಗೆ ಆ ಹೆಸರಿಟ್ಟವಳು ಇವಳೇ, ನಿನ್ನ ವಾಕ್ಯಕ್ಕೆ ಕೊನೇನೇ ಇಲ್ವಲ್ಲಮ್ಮ, ಓದೋರಿಗೆ ಉಸಿರು ಕಟ್ಟುತ್ತೆ, ಒಂದು ಫುಲ್‌ಸ್ಟಾಪ್ ಹಾಕು, ಹಾಕಿದ್ದೇನೆ ಮೇಡಂ, ನೋಡಿ, ಎರಡು ಪುಟ ತುಂಬಿದೆ, ಮಂಜಿನ ಮೇಲೆ ಒಂದು ಕೆಂಪು ಕೈಗವಸು ಬಿದ್ದಿದೆ, ಬೆಳಗಾಗುತ್ತದೆ, ಬಾಗಿಲು ತೆರೆಯುತ್ತದೆ, ತಾಯಿ ಒಳಗೆ ಬರುತ್ತಾಳೆ, ಒಂದು ಕೈ ಗವಸಿನಲ್ಲಿ, ಇನ್ನೊಂದು ಬರಿಗೈ, ಹುಡುಗ ಆ ತಣ್ಣನೆಯ ಕೈಯನ್ನು ಕೆನ್ನೆಗೆ — ಅಯ್ಯೋ, ಅಯ್ಯೋ ದೇವರೇ, ಏನು ಬರೆದುಬಿಟ್ಟೆ, ಇದು ಪುಸ್ತಕದಲ್ಲಿಲ್ಲ, ಪುಸ್ತಕದಲ್ಲಿ ಬಾಗಿಲು ತೆರೆಯುವುದೇ ಇಲ್ಲ, ಊರಿನ ಗಂಡಸರು ಹೋಗಿ ನೋಡಿದಾಗ ನದಿಯ ನಡುವೆ ಮಂಜುಗಡ್ಡೆ ಬಿರಿದಿರುತ್ತದೆ, ಅಂಚಿನಲ್ಲಿ ಒಂದೇ ಒಂದು ಗವಸು, ಅಷ್ಟೇ, ಕಥೆ ಮುಗಿಯಿತು, ಈ ಬಾಗಿಲು, ಈ ಬರಿಗೈ, ಈ ಕೆನ್ನೆ, ಎಲ್ಲ ಅವಳದೇ ಕಟ್ಟುಕಥೆ, ಅಮ್ಮ ಆಸ್ಪತ್ರೆ ಸೇರುವ ವಾರ, ಮಿಷನ್ನಿಗೆ ಬಟ್ಟೆ ಹೊದಿಸಿಟ್ಟು ಮಂಚದಲ್ಲಿ ಮಲಗಿದ್ದವಳು, ಒಂದೇ ಸಿಕ್ತಾ, ಇನ್ನೊಂದೆಲ್ಲಿ, ಎಂದು ಕೇಳಿದಳು, ಅಷ್ಟು ಮೆತ್ತಗೆ ಕೇಳಿದಳು, ಇವಳ ನಾಲಗೆ ತಾನಾಗಿ ಹೊರಳಿತು, ಇನ್ನೊಂದು ಅವಳ ಕೈಯಲ್ಲೇ ಇತ್ತಮ್ಮ, ಅವಳು ಬಂದ್ಬಿಟ್ಳು, ಒಮ್ಮೆ ಶುರುವಾದ ಸುಳ್ಳು ಎರಡು ಸಂಜೆ ನಡೆಯಿತು, ಕಥೆಯ ತಾಯಿ ಒಲೆ ಹೊತ್ತಿಸಿದಳು, ಮಗನಿಗೆ ಔಷಧಿ ಕುಡಿಸಿದಳು, ಬೈದಳು, ಅಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು, ಬಯ್ಯಲೇಬೇಕು, ಅಷ್ಟು ಅಲೆಸಿದಾನೆ.

ಗಂಟೆ, ಇನ್ನು ಅರ್ಧ ಗಂಟೆ ಇದೆ, ಯಾರೂ ಏಳ್ಬೇಡಿ, ಕಿರ್ರ್, ಗೇಟು ಖಾಲಿ, ಹೊಡೆದು ಹಾಕು, ಈ ಎರಡು ಪುಟ ಹೊಡೆದು ಹಾಕಿ ಸರಿಯಾದದ್ದು ಬರೆ, ಇದು ಹೋದರೆ ಈ ಪತ್ರಿಕೆಯೇ ಹೋದಂತೆ, ಚಿಕ್ಕಮ್ಮನ ಮಾತೇ ನಿಜವಾಗುತ್ತದೆ, ಬರೆ, ಅವಳು ಮರಳಿ ಬರಲಿಲ್ಲ, ಇಂಗ್ಲಿಷಿನಲ್ಲಿ ನಾಲ್ಕೈದು ಪದ, ಅಷ್ಟೇ, ಪೆನ್ನು ಹಾಳೆಗೆ ತಾಗುವುದಿಲ್ಲ, ಈಗ ಅಲ್ಲಿ ಅಮ್ಮನ ಎದೆ ತೆರೆದಿಟ್ಟಿದ್ದಾರೆ, ಈಗ, ಈ ಗಳಿಗೆಯಲ್ಲೇ, ಇಲ್ಲಿ ತಾನೇ ತನ್ನ ಕೈಯಾರೆ ತಾಯಿ ಬರಲಿಲ್ಲ ಎಂದು ಬರೆಯುವುದೇ, ಹುಚ್ಚು, ಶುದ್ಧ ಹುಚ್ಚು, ಬರೆದರೆ ಯಾರಾದರೂ ಸಾಯುತ್ತಾರೆಯೇ, ಸಾಯುವುದಿಲ್ಲ, ಗೊತ್ತು, ಆದರೂ ಭಯ, ಮೇಡಂ, ನೀವಾದರೆ ಏನು ಮಾಡುತ್ತಿದ್ದಿರಿ, ಪುಸ್ತಕದಲ್ಲಿರೋದಕ್ಕೆ ಉತ್ತರ ಬರೀರಿ, ನಿಮ್ಮ ತಲೇಲಿರೋದಕ್ಕಲ್ಲ, ಕ್ಲಾಸಿನಲ್ಲಿ ಮೇಡಂ ಹೇಳುವ ಮಾತು, ಮತ್ತೆ ಅದೇ, ಪುಸ್ತಕದಲ್ಲಿರೋದನ್ನೇ, ಬೆಳಗ್ಗೆ ಅಮ್ಮನೂ ಅದನ್ನೇ — ಬಂದೇಬಿಟ್ಟಿತು ಆ ಮಾತು, ಎಷ್ಟು ತಳ್ಳಿದರೂ ಬಂತು, ಸ್ಟ್ರೆಚರಿನ ಚಕ್ರ ಬಾಗಿಲ ಹತ್ತಿರ ನಿಂತಿತು, ನರ್ಸು ಬಳೆ ಬಿಚ್ಚಿಸಿ ಇವಳ ಕೈಗಿಟ್ಟಳು, ಬಳೆಯಿಲ್ಲದ ಆ ಕೈ ಇವಳ ಮಣಿಕಟ್ಟು ಹಿಡಿಯಿತು, ತಣ್ಣಗೆ, ಬಗ್ಗು ಇಲ್ಲಿ, ಆ ಎರಡು ಸಂಜೆ ನೀನು ಪುಸ್ತಕದ ಹಾಳೇನೇ ತಿರುಗಿಸ್ಲಿಲ್ಲ ಕಣೇ, ತೆರೆದ ಪುಟ ತೆರೆದ ಹಾಗೇ ಇತ್ತು, ನಾನು ನೋಡ್ತಾನೇ ಇದ್ದೆ, ಪರೀಕ್ಷೇಲಿ ಪುಸ್ತಕದಲ್ಲಿರೋದನ್ನೇ ಬರಿ, ಆಯ್ತಾ, ನೀನು ಹೇಳಿದ್ದನ್ನ ನಾನಿಟ್ಕೊಂಡಿದೀನಿ, ಚಕ್ರ ಉರುಳಿತು, ಬಾಗಿಲು ಮುಚ್ಚಿತು, ಅಲ್ಲಿಂದ ಬಸ್ಸು, ಬಸ್ಸಿನಿಂದ ಈ ಬೆಂಚು, ಜೇಬಿನಲ್ಲಿ ಬಳೆ, ಅಲ್ಲಾಡಿದರೆ ಸದ್ದಾಗುತ್ತದೆಂದು ಕರವಸ್ತ್ರದಲ್ಲಿ ಸುತ್ತಿಟ್ಟದ್ದು, ಆಗಲಮ್ಮ, ನಿನ್ನಿಷ್ಟ, ಅಡ್ಡಗೆರೆ, ಇನ್ನೊಂದು ಅಡ್ಡಗೆರೆ, ಬಾಗಿಲು ಹೋಯಿತು, ಬರಿಗೈ ಹೋಯಿತು, ಕೆನ್ನೆ ಹೋಯಿತು, ಬರೆಯುತ್ತಾಳೆ, ಅಕ್ಷರ ಸೊಟ್ಟಗಾದರೂ ಬರೆಯುತ್ತಾಳೆ, ಅವಳು ಮರಳಿ ಬರಲಿಲ್ಲ, ಫುಲ್‌ಸ್ಟಾಪ್, ಚುಕ್ಕೆಯ ಮೇಲೆ ಪೆನ್ನು ಒತ್ತಿ ಶಾಯಿ ಹರಡಿತು, ತಲೆ ಎತ್ತಬೇಡ, ಇನ್ನೂ ಬರೆಯುವುದಿದೆ, ಎತ್ತಿದಳು, ಗೇಟಿನಲ್ಲಿ ಅಪ್ಪ, ಅಪ್ಪನೇ, ಅದೇ ನೀಲಿ ಅಂಗಿ, ಯಾವಾಗ ಬಂದ, ಅರ್ಧ ಮೈ ಕಂಬದ ಮರೆಯಲ್ಲಿ, ಮುಖ ಇತ್ತಲೇ ಇದೆ, ಆದರೆ ಇಷ್ಟು ದೂರಕ್ಕೆ ಮುಖವೆಂದರೆ ಬರೀ ಒಂದು ಕಲೆ, ಒಂದು ಕೈ ಗೇಟಿನ ಕಂಬಿ ಹಿಡಿದಿದೆ, ಎತ್ತಪ್ಪ, ಎತ್ತು, ಕಿರ್ರ್, ಸಾರ್ ದಯವಿಟ್ಟು ಅಡ್ಡ ಬರಬೇಡಿ, ಒಂದು ಕೈ ಕಂಬಿಯ ಮೇಲೆ, ಇನ್ನೊಂದೆಲ್ಲಿ, ಬಿಳಿ ಮಂಜು, ಬಿರುಕಿನ ಅಂಚು, ಒಂದೇ ಒಂದು ಕೆಂಪು ಕೈಗವಸು, ಇನ್ನೊಂದೆಲ್ಲಿ, ಅಮ್ಮ, ಇನ್ನೊಂದೆಲ್ಲಿ