ಕಮರಿಯ ಅಂಚಿನಲ್ಲೊಂದು ಅರವಟ್ಟಿಗೆ

ಶಿವಮೂರ್ತಪ್ಪನವರ ಎದುರಿಗೆ ಬಂದವರು ನೀರು ಕುಡಿಯದೆ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಹರಿಹರದಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಶಿವರಾತ್ರಿ ಕಳೆಯಿತೆಂದರೆ ಅದರ ಮುಂದೆ ಗರಿಯ ಚಪ್ಪರ, ಒದ್ದೆ ಬಟ್ಟೆ ಸುತ್ತಿದ ನೀರಿನ ಹರವಿ, ಪಕ್ಕದಲ್ಲಿ ಹಿತ್ತಾಳೆಯ ಲೋಟ ಹಿಡಿದು ಸ್ವತಃ ಅವರು. ಬಾಯಾರಿಕೆಯಿಲ್ಲ ಎಂದವರನ್ನೂ ಬಿಡುವವರಲ್ಲ: "ಇಲ್ಲಂದ್ರ ಏನಾತು, ಒಂದು ಗುಟುಕು ತಗಳ್ರಿ."

ಹೋದ ವರ್ಷ ದಾವಣಗೆರೆಯ ನಿವೃತ್ತರ ತಂಡವೊಂದು ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಾಗ ನನಗೆ ಜೊತೆಗಾರರಾಗಿ ದೊರೆತವರು ಇವರೇ. ಭೂಗೋಳದ ಮೇಷ್ಟ್ರಾಗಿ ಬಾಳೆಲ್ಲ ಕಪ್ಪುಹಲಗೆಯ ಮೇಲೆ ಕಂದರಗಳನ್ನು ಬರೆದ ನನಗೆ ಇದ್ದದ್ದು ಒಂದೇ ಆಸೆ: ಆ ದೇಶದ ನಡು ಮರುಭೂಮಿಯ ಕೆಂಪು ಕಮರಿಯನ್ನು ಒಂದು ಸುತ್ತು ನಡೆದು, ಅದರ ತಳದ ತಂಪಿನಲ್ಲಿ ಬೆಳೆದಿರುವ ಜರೀಗಿಡಗಳನ್ನು ಕಣ್ಣಾರೆ ಕಾಣಬೇಕು. ಏರು ಹತ್ತುವ ಮುನ್ನ ಮಾರ್ಗದರ್ಶಿ ಹೆಣ್ಣುಮಗಳು, ಮೇಲೆ ಕುಡಿಯುವ ನೀರಿಲ್ಲ, ದಾರಿ ಕವಲೊಡೆಯುವಲ್ಲಿ ಎಲ್ಲರ ಬಾಟಲಿ ನೋಡುತ್ತೇನೆ, ನೀರು ಸಾಲದವರು ಜೊತೆಗಾರರೊಡನೆ ಹಿಂತಿರುಗತಕ್ಕದ್ದು ಎಂದಳು. ಅದನ್ನು ನಾನು ಶಿವಮೂರ್ತಪ್ಪನವರಿಗೆ ಬಿಡಿಸಿ ಬಿಡಿಸಿ ಹೇಳಿದೆ.

ಊರಿನದೇ ಕಂದು ಉಣ್ಣೆಯ ಕೋಟು, ಅದರ ಜೇಬಿನಲ್ಲಿ ಅದೇ ಹಿತ್ತಾಳೆಯ ಲೋಟ, ಎಡಗಾಲನ್ನು ತುಸು ಎಳೆದು ಹಾಕುವ ಅದೇ ನಡಿಗೆ. ಮೊದಲ ಏರಿನಲ್ಲೇ ಏದುಸಿರು ಬಿಡುತ್ತ ಕುಳಿತಿದ್ದ ಪರದೇಶದ ದಂಪತಿಗಳಿಗೆ ಒಂದೊಂದು ಲೋಟ ಕೊಟ್ಟರು. ಅವರ ಚೀಲಗಳಲ್ಲಿ ನಮ್ಮಿಬ್ಬರಿಗಿಂತ ಹೆಚ್ಚು ನೀರಿತ್ತು. ಮುಂದೆ ಫೋಟೊ ತೆಗೆಯಲು ನಿಂತಿದ್ದ ಹುಡುಗಿಯರಿಗೂ ಕೊಟ್ಟರು. ತಾವು ಕುಡಿಯುವಾಗಲಾದರೂ ಉಳಿಸಿದರೇ? ತುಟಿ ತಾಗಿಸದೆ ಮೇಲಿನಿಂದ ಹೊಯ್ದುಕೊಳ್ಳುವ ಶಿಸ್ತು. ಅಂಚಿನ ಗಾಳಿ ಅರ್ಧ ನೀರನ್ನು ಕೋಟಿಗೆ ಕುಡಿಸಿತು. ನಾನು ಗದರಿದೆ.

"ಮೇಷ್ಟ್ರೇ, ನೀರು ಹಿಡಕಂಡು ಮಂದಿ ಮುಂದ ಹಂಗ ಹೆಂಗ್ ದಾಟಿ ಹೋಗೋದು?" ಎಂದು ನನ್ನನ್ನೇ ಕೇಳಿದರು.

ಕವಲಿನಲ್ಲಿ ಮಾರ್ಗದರ್ಶಿ ಅವರ ಬಾಟಲಿಯನ್ನು ತಲೆಕೆಳಗು ಮಾಡಿದಳು. ಒಂದು ಹನಿ ಬಿತ್ತು. ನನ್ನದರಲ್ಲಿ ಪಾಲು ಕೊಡುತ್ತೇನೆಂದೆ, ಇಬ್ಬರಿಗೆ ಸಾಲದೆಂದಳು. ನೀವು ನೋಡಿ ಬರ್ರಿ, ನಾನು ಇಲ್ಲೇ ಕುಂತಿರ್ತೀನಿ ಎಂದು ಇವರು ತೋರಿಸಿದ ಬಂಡೆಯ ಮೇಲೆ ಅಂಗೈಯಗಲ ನೆರಳೂ ಇರಲಿಲ್ಲ. ನನ್ನ ಜರೀಗಿಡಗಳು ಕೆಳಗೇ ಇದ್ದವು. ನಾನು ಅವರೊಡನೆ ಹಿಂತಿರುಗಿದೆ.

ಇಳಿಯುತ್ತ ಅವರು ನನ್ನ ಬಾಟಲಿ ಕೇಳಿದರು. ಅಂತೂ ಬಾಯಾರಿತಲ್ಲ ಎಂದು ಕೊಟ್ಟೆ. ಎದುರಿಗೆ ಏರಿ ಬರುತ್ತಿದ್ದ ಮುದುಕನೊಬ್ಬನಿಗೆ ಅದನ್ನು ಲೋಟಕ್ಕೆ ಬಗ್ಗಿಸಿದರು.

ಬುಡದಲ್ಲಿ ನೀರಿನ ತೊಟ್ಟಿಯಿತ್ತು. ನಾನು ಸಿಟ್ಟಿನಿಂದ ಬಸ್ಸಿನೊಳಗೆ ಮುಖ ತಿರುಗಿಸಿ ಕುಳಿತೆ. ಅವರು ಲೋಟ ತುಂಬಿಕೊಂಡು ಹತ್ತಿ ಬಂದರು. ತುಟಿ ಒಡೆದಿತ್ತು, ಇನ್ನೂ ಕುಡಿದಿರಲಿಲ್ಲ.

"ಸಿಟ್ಟು ಆಮ್ಯಾಲ ಮಾಡ್ರಿ. ಮೊದ್ಲು ಕುಡೀರಿ."

ಬೇಡವೆನ್ನಬೇಕೆಂದಿದ್ದೆ, ಕೈ ತಾನಾಗಿ ಚಾಚಿತು. ಇಂಥವರನ್ನು ಊರು ದೂರದಿಂದ ಹೊಗಳುತ್ತದೆ, ಅದು ಸುಲಭ. ಅವರ ಜೊತೆಯಲ್ಲಿ ನಡೆಯುವವರಿಗೆ ಮಾತ್ರ ಗೊತ್ತು: ಅವರ ಪುಣ್ಯದಲ್ಲಿ ಪಕ್ಕದವರ ಪಾಲೂ ಇರುತ್ತದೆ, ಅದನ್ನು ಅವರು ಒಂದು ಮಾತೂ ಕೇಳದೆ ಸೇರಿಸಿಕೊಂಡಿರುತ್ತಾರೆ.