ಈಶ್ವರಯ್ಯನವರು ಕೊಬ್ಬರಿ ಮಾರದ ವರ್ಷ

ನಮ್ಮ ಭಾವ ಈಶ್ವರಯ್ಯನವರಷ್ಟು ಅವಸರದ ವ್ಯಾಪಾರಿಯನ್ನು ಚನ್ನರಾಯಪಟ್ಟಣ ಕಂಡಿರಲಿಲ್ಲ. ವರ್ಷಗಟ್ಟಲೆ ಅಟ್ಟದ ಮೇಲೆ ಕಾಯಿ ಒಣಗಿಸಿ, ಒಳಗಿನ ಕೊಬ್ಬರಿ ಲೊಡಲೊಡ ಅನ್ನುವ ಹೊತ್ತಿಗೆ ಯಾರಾದರೂ ಬಂದು ಮಣಕ್ಕೆ ನಾಲ್ಕಾಣೆ ಹೆಚ್ಚು ಅಂದರೆ ಸಾಕು, ಬಾಯಲ್ಲಿದ್ದ ಎಲೆ ಅಡಿಕೆ ಉಗಿಯುವುದರೊಳಗೆ ಮಾರಿ ಮುಗಿಸುತ್ತಿದ್ದರು. ಮುಂದಿನ ವಾರ ಬೆಲೆ ಏರುತ್ತಿತ್ತು. ಆಮೇಲೆ ಒಂದು ತಿಂಗಳು ಹಣೆ ಚಚ್ಚಿಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಹದಿನೆಂಟು ವರ್ಷ ನನ್ನ ಅಕ್ಕ ಸುವರ್ಣಮ್ಮ ಇದನ್ನೇ ನೋಡುತ್ತಾ ಬಂದಿದ್ದಳು.

ಅಂಥ ಮನುಷ್ಯ 1942ರಲ್ಲಿ ಒಂಬತ್ತು ಸಾವಿರ ಕಾಯಿ ಇಟ್ಟುಕೊಂಡು, ಬೆಲೆ ದಿನೇ ದಿನೇ ಏರಿದರೂ ಒಂದನ್ನೂ ಮಾರದೆ ಕೂತುಬಿಟ್ಟರು. ಅವರು ಹಾಗೆ ಕೂತದ್ದು ಬಂದು ನನ್ನ ಎಂ.ಎ. ಪದವಿಗೆ ತಗಲಿಕೊಂಡಿತು.

ನಾನು ಆಗ ಮೈಸೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಯುದ್ಧಕಾಲದಲ್ಲಿ ಜನ ತಮ್ಮ ದುಡ್ಡನ್ನು ಯಾವ ರೂಪದಲ್ಲಿ ಕಾಪಾಡಿಕೊಳ್ಳುತ್ತಾರೆ ಅನ್ನುವುದು ನನ್ನ ಪ್ರಬಂಧದ ವಿಷಯ. ಅರಕಲಗೂಡಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. 'ಈ ವರ್ಷ ಪಾಸಾಗು, ಇಲ್ಲದಿದ್ದರೆ ಬಂದು ಗಜ ಹಿಡಿ' ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಬಟ್ಟೆ ಅಳೆಯುವ ಆ ಗಜವನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗದು. ಅದರಲ್ಲಿ ತಿಂದ ಏಟು ಮರೆತಿರಲಿಲ್ಲ.

ಹಾಗಾಗಿ ಜೂನ್ ತಿಂಗಳಲ್ಲಿ ಹತ್ತು ಪ್ರಶ್ನೆಗಳ ಅಚ್ಚು ಫಾರಂ ಹಿಡಿದು ಸುವರ್ಣಮ್ಮಕ್ಕನ ಮನೆಯಲ್ಲಿ ಬೀಡುಬಿಟ್ಟೆ. ಏಳನೆಯ ಪ್ರಶ್ನೆಯೇ ಮುಖ್ಯವಾದದ್ದು: 'ಕಷ್ಟಕಾಲಕ್ಕೆಂದು ಹಣವನ್ನು ಎಲ್ಲಿ ಇಟ್ಟಿದ್ದೀರಿ?' ಅದನ್ನು ಕೇಳಿದ ಕೂಡಲೇ ಜನ ಎದ್ದು ನಿಲ್ಲುತ್ತಿದ್ದರು. ಯುದ್ಧದ ಫಂಡಿಗೆ ವಸೂಲಿ ಮಾಡಲು ಬಂದವನೆಂದು ಅವರ ಗುಮಾನಿ.

"ನಮ್ತಾವ ಏನೈತೆ ಸಾ, ಎಲ್ಡು ಎತ್ತು ಅವೆ," ಎಂದ ಹಳೇಕೋಟೆಯ ತಿಮ್ಮಪ್ಪ. ಹೇಳುವಾಗ ಅಂಗಿಯ ತೋಳನ್ನು ಮುಂಗೈವರೆಗೆ ಎಳೆದುಕೊಂಡ. ಒಳಗಿದ್ದ ಚಿನ್ನದ ಕಡಗ ಎರಡು ಎತ್ತಿನ ಬೆಲೆ ಬಾಳುವಷ್ಟು ದಪ್ಪವಿತ್ತು.

ಭಾವ ಒಂಬತ್ತು ಪ್ರಶ್ನೆಗೆ ಉತ್ತರ ಕೊಟ್ಟರು. ಕೊನೆಗೆ, ಬಿಟ್ಟಿದ್ದ ಏಳನೆಯದಕ್ಕೆ ಮರಳಿದಾಗ ಮುಖ ಬಿಳುಚಿಕೊಂಡು, "ಆಮೇಲೆ ಹೇಳ್ತೀನಿ ಕಣಪ್ಪ," ಎಂದು ಏಣಿ ಹತ್ತಿ ಅಟ್ಟಕ್ಕೆ ಹೋದರು.

ಅವರ ದಿನವೆಲ್ಲ ಅಟ್ಟದಲ್ಲೇ ಕಳೆಯುತ್ತಿತ್ತು. ಬೀದಿ ಕಡೆಯ ಕಿಟಕಿಯ ಹತ್ತಿರ ಕೂತು ಒಂದೊಂದೇ ಕಾಯಿ ಎತ್ತಿ ಬೆಳಕಿಗೆ ಹಿಡಿಯುವುದು, ತಿರುಗಿಸುವುದು, ಕಿವಿ ಹತ್ತಿರ ಅಲ್ಲಾಡಿಸುವುದು, ಪಕ್ಕಕ್ಕಿಡುವುದು. ಬೀದಿಯಲ್ಲಿ ಹೋಗುವವರೆಲ್ಲ ಇದನ್ನು ನೋಡಿದರು. ಹದಿನೆಂಟು ವರ್ಷ ಅವಸರ ಮಾಡಿದ ಈಶ್ವರಯ್ಯ ಈಗ ಮಾರುತ್ತಿಲ್ಲ ಅಂದರೆ ಏನೋ ಗುಟ್ಟಿರಬೇಕು ಎಂದು ಮಾತಾಯಿತು. ಎದುರು ಮಂಡಿಯ ಪಂಚಾಕ್ಷರಯ್ಯನವರು ನನಗೆ ನೇರವಾಗಿಯೇ ಹೇಳಿದರು: "ನಿಮ್ಮ ಭಾವ ಅಟ್ಟ ಇಳೀಲಿ, ಆಮೇಲೆ ನಾವೂ ಮಾರ್ತೀವಿ." ಹೀಗೆ ಪೇಟೆಗೆ ಕೊಬ್ಬರಿ ಬರುವುದೇ ನಿಂತಿತು. ಮೊದಲೇ ಯುದ್ಧದಿಂದ ಹೊರಗಿನ ಮಾಲು ಇರಲಿಲ್ಲ. ಮಣಕ್ಕೆ ಆರು ರೂಪಾಯಿ ಇದ್ದದ್ದು ಎಂಟಾಯಿತು, ದಸರೆಗೆ ಹತ್ತಾಯಿತು.

ನನಗೆ ಸಂತೋಷ ತಡೆಯಲಾಗಲಿಲ್ಲ. ಚಿನ್ನ, ಬೆಳ್ಳಿಯ ಹಾಗೆ ಕೊಬ್ಬರಿಯೂ ಜನ ನಂಬಿ ಕಾಪಾಡಿಕೊಳ್ಳುವ ಸ್ವತ್ತೆಂದೂ, ದೂರದೃಷ್ಟಿಯುಳ್ಳ ಒಬ್ಬ ವ್ಯಾಪಾರಿಯನ್ನು ಪೇಟೆಯೇ ಹಿಂಬಾಲಿಸುತ್ತದೆಂದೂ ನಲವತ್ತು ಪುಟ ಬರೆದು ಮೈಸೂರಿಗೆ ಕಳಿಸಿದೆ. ಪ್ರೊಫೆಸರರ ಉತ್ತರ ಒಂದು ಕಾರ್ಡಿನಲ್ಲಿ ಬಂತು: 'ಊರವರು ಈಶ್ವರಯ್ಯನವರನ್ನು ನೋಡಿ ಮಾರಲಿಲ್ಲ, ಒಪ್ಪಿದೆ. ಈಶ್ವರಯ್ಯನವರು ಏನನ್ನು ನೋಡಿ ಮಾರಲಿಲ್ಲ? ಅದು ತಿಳಿಯುವ ತನಕ ಇದು ಪ್ರಬಂಧವಲ್ಲ, ಊರ ಸುದ್ದಿ. ಡಿಸೆಂಬರ್ ಕೊನೆಯೊಳಗೆ ತಿಳಿಸದಿದ್ದರೆ ಈ ವರ್ಷ ಪದವಿ ಇಲ್ಲ.'

ಕಾರ್ಡು ಹಿಡಿದುಕೊಂಡೇ ಅಟ್ಟ ಹತ್ತಿದೆ. "ಭಾವ, ನನ್ನ ಜೀವನದ ಪ್ರಶ್ನೆ. ಯಾಕೆ ಮಾರ್ತಿಲ್ಲ, ಹೇಳಿಬಿಡಿ."

ಭಾವ ನನ್ನನ್ನು ನೋಡಿದರು, ಏಣಿಯ ಕಡೆ ನೋಡಿದರು, ಆಮೇಲೆ ಕೈಯಲ್ಲಿದ್ದ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. "ನಿಮ್ಮಕ್ಕನಿಗಾಗ್ಲಿ ಇನ್ಯಾರಿಗಾಗ್ಲಿ ಹೇಳಲ್ಲ ಅಂತ ಶಿವನಾಣೆ ಹಾಕು."

ಹಾಕಿದೆ. ಕೆಟ್ಟೆ.

ಅಕ್ಕನಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಗದ್ದೆ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಏಪ್ರಿಲ್‌ನಲ್ಲಿ, ಜಪಾನಿನವರು ಮದ್ರಾಸಿಗೆ ಬಾಂಬು ಹಾಕುತ್ತಾರೆ, ನೋಟೆಲ್ಲ ರದ್ದಿ ಕಾಗದವಾಗುತ್ತದೆ ಎಂದು ಗುಲ್ಲೆದ್ದಾಗ ಭಾವನಿಗೆ ಕೈಕಾಲು ಆಡಲಿಲ್ಲ. ಅಕ್ಕನಿಗೆ ಹೇಳದೆ ದುಡ್ಡು ತೆಗೆದು, ಹಾಸನದಲ್ಲಿ ಹನ್ನೆರಡು ಸವರನ್ ಚಿನ್ನದ ನಾಣ್ಯ ಕೊಂಡರು. ಕಬ್ಬಿಣದ ಪೆಟ್ಟಿಗೆಯನ್ನಾದರೆ ಕಳ್ಳರು ಮೊದಲು ಒಡೆಯುತ್ತಾರೆ ಎಂದು, ಒಂದು ಒಣಗಿದ ಕಾಯಿಯ ಸಿಪ್ಪೆಯನ್ನು ಸೀಳಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಚಿನ್ನವನ್ನು ಒಳಗೆ ತುರುಕಿ, ದಬ್ಬಳದಲ್ಲಿ ಚೀಲ ಹೊಲಿದಂತೆ ಹೊಲಿದು, ಅಟ್ಟದ ಮೂಲೆಯಲ್ಲಿ ಮೂರನೆಯ ಸಾಲಿನಲ್ಲಿಟ್ಟರು. ಮೇ ತಿಂಗಳಲ್ಲಿ ತಿಪಟೂರಿನ ಸಂತೆಗೆ ಹೋಗಿದ್ದಾಗ ಇಲ್ಲಿ ಮಳೆ ಬಂದು ಆ ಮೂಲೆ ಸೋರಿತು. ಆಳು ದ್ಯಾವಯ್ಯ, ಪಾಪ, ನಿಯತ್ತಿನ ಮನುಷ್ಯ. ಕಾಯಿಯನ್ನೆಲ್ಲ ಬಾಚಿ ಆ ಕಡೆಯಿಂದ ಈ ಕಡೆಗೆ ಗುಡ್ಡೆ ಹಾಕಿದ್ದ.

"ಒಂದು ಸಲ ಎಲ್ಲಾ ನೋಡಿ ಮುಗಿಸ್ದೆ. ಸಿಗ್ಲಿಲ್ಲ. ಈಗ ಎರಡ್ನೇ ಸಲ," ಎಂದರು ಭಾವ. "ಇದನ್ನ ಮಾರಿದ್ರೆ ಸುಲಿಯೋರ ಕೈಗೆ ಚಿನ್ನ ಸಿಕ್ತದೆ. ನಿಮ್ಮಕ್ಕನಿಗೆ ಯಾವ ಮುಖ ತೋರಿಸ್ಲಿ?"

ನನ್ನ ದೂರದೃಷ್ಟಿಯ ವ್ಯಾಪಾರಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಇಡೀ ಪೇಟೆ ನಿಂತಿರುವುದು ಕಳೆದುಹೋದ ಒಂದು ತೆಂಗಿನಕಾಯಿಯ ಮೇಲೆ ಎಂದು ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ? ಬರೆದರೂ ಆಣೆ ಅಡ್ಡ ಬರುತ್ತದೆ. ನಲವತ್ತು ಪುಟವೂ ನೀರಿಗೆ ಬಿತ್ತು. ಬೇರೆ ದಾರಿ ಕಾಣದೆ ಪಂಚೆ ಮೇಲೆ ಕಟ್ಟಿ ನಾನೂ ಕಾಯಿ ಹುಡುಕಲು ಕೂತೆ. ಈಗ ಕಿಟಕಿಯಲ್ಲಿ ಎರಡು ತಲೆ ಕಾಣತೊಡಗಿದ್ದರಿಂದ, ಮೈಸೂರಿನಿಂದ ತಜ್ಞರನ್ನೇ ಕರೆಸಿದ್ದಾರೆ ಎಂದು ಸುದ್ದಿಯಾಗಿ ಬೆಲೆ ಹನ್ನೊಂದಕ್ಕೆ ಹೋಯಿತು.

ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ. ಭಾವ, ನಾನು ಊಟಕ್ಕೆ ಕೂತಿದ್ದೆವು. ಅಕ್ಕ ಮುದ್ದೆಗೆ ಸಾರು ಬಿಡುತ್ತಾ, "ಕಾಯಿ ಇವತ್ತೇ ಮಾರಿಬಿಡಿ," ಎಂದಳು.

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ಇವತ್ತಾ? ಇನ್ನೂ... ಇನ್ನೂ ಚೆನ್ನಾಗಿ ಒಣಗ್ಬೇಕು ಕಣೇ."

"ಒಂದೂವರೆ ವರ್ಷ ಆಯ್ತು. ಇನ್ನೂ ಒಣಗಿಸಿದ್ರೆ ನೀವೇ ಒಣಗಿಹೋಗ್ತೀರಿ." ಅಕ್ಕ ಸೊಂಟದಿಂದ ಒಂದು ಕೆಂಪು ಬಟ್ಟೆಯ ಗಂಟು ತೆಗೆದು ಅವರ ತಟ್ಟೆಯ ಪಕ್ಕ ಇಟ್ಟಳು. ಚೀಲ ಹೊಲಿಯುವ ಸೆಣಬಿನ ದಾರ ಅದಕ್ಕೆ ಇನ್ನೂ ಅಂಟಿಕೊಂಡಿತ್ತು. "ಹನ್ನೆರಡೂ ಅವೆ, ಎಣಿಸ್ಕೊಳಿ."

ಮುದ್ದೆ ಭಾವನ ಗಂಟಲಲ್ಲಿ ಸಿಕ್ಕಿತು. ನಾನು ಬೆನ್ನು ತಟ್ಟಿ ನೀರು ಕುಡಿಸಿದೆ.

"ಮಳೆ ಬಂದ ದಿನ ದ್ಯಾವಯ್ಯನ ಜೊತೆ ನಾನೂ ಕಾಯಿ ಸಾಗಿಸ್ದೆ," ಎಂದಳು ಅಕ್ಕ. "ತೆಂಗಿನಕಾಯಿಗೆ ಚೀಲದ ಹೊಲಿಗೆ ಹಾಕೋರು ಈ ತಾಲ್ಲೂಕಲ್ಲಿ ಇನ್ಯಾರಿದ್ದಾರೆ? ಬಿಚ್ಚಿ ನೋಡ್ದೆ. ಚಿನ್ನ ತಗೊಂಡು ಕಾಯಿ ಒಲೆಗೆ ಹಾಕ್ದೆ."

"ಆರು ತಿಂಗ್ಳು!" ಭಾವ ಕೂಗಿದರು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲು ಬರುತ್ತಿರಲಿಲ್ಲ. "ಆರು ತಿಂಗ್ಳು ನನ್ನ ಅಟ್ಟದಲ್ಲಿ ಕೂರಿಸ್ಬಿಟ್ಟೆಯಲ್ಲೇ!"

"ಕೂರಿಸಿದ್ದಕ್ಕೆ ತಾನೆ ಕೂತ್ರಿ? ಹದಿನೆಂಟು ವರ್ಷ ಬಾಯಲ್ಲಿ ಹೇಳ್ದೆ, ತಡೀರಿ, ತಡೀರಿ ಅಂತ. ಒಂದು ಸಲನಾದ್ರೂ ತಡೆದ್ರಾ? ನನ್ನ ಗದ್ದೆ ದುಡ್ಡು ಹೇಳ್ದೆ ಕೇಳ್ದೆ ತೆಗೆದ್ರಿ, ಅದಕ್ಕೂ ಸ್ವಲ್ಪ ಅನುಭವಿಸ್ಲಿ ಅಂತ ಸುಮ್ನಿದ್ದೆ."

ನಾನು ಎಂಜಲು ಕೈಯಲ್ಲೇ ಎದ್ದು ನಿಂತಿದ್ದೆ. "ಅಕ್ಕ, ಬೆಲೆ ಏರುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಗಾಣದ ಕೃಷ್ಣಪ್ಪ ಹೇಳ್ದ."

"ಅವನು ಹೇಳಿದನಾ?"

"ಬಾಯಲ್ಲಿ ಹೇಳ್ತಾನಾ? ಸೋಮವಾರ ಸೋಮವಾರ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಅಳೆದು ಕೊಡ್ತಾನಲ್ಲ, ಅಳತೆ ಮುಗಿದ ಮೇಲೆ ಒಂದು ಸೌಟು ಕೊಸರು ಹಾಕ್ತಾನೆ. ಅವನಿಗೆ ಕೊಬ್ಬರಿ ಸಿಗೋದು ಕಷ್ಟ ಆದ್ರೆ ಮೊದಲು ನಿಲ್ಲೋದು ಆ ಕೊಸರು. ಅದು ನಿಂತ ಎರಡು ತಿಂಗ್ಳಿಗೆ ಪೇಟೇಲಿ ಬೆಲೆ ಏರ್ತದೆ. ಹದಿನೆಂಟು ವರ್ಷದಿಂದ ನೋಡ್ತಿದ್ದೀನಿ, ಒಂದು ಸಲನೂ ತಪ್ಪಿಲ್ಲ. ಈ ಸಲ ಯುಗಾದಿ ಆದ ಮೇಲೆ ನಿಲ್ಸಿದ್ದ." ಅಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು. "ಇವತ್ತು ಬೆಳಿಗ್ಗೆ ಕೇಳ್ದೇನೇ ಒಂದೂವರೆ ಸೌಟು ಹಾಕ್ದ. ಅಂದ್ರೆ ಅವನಿಗೆ ಎಲ್ಲಿಂದಲೋ ಕೊಬ್ಬರಿ ಸಿಗ್ತಿದೆ, ಇನ್ನು ಬೆಲೆ ಇಳೀತದೆ. ಅದಕ್ಕೇ ಮಾರಿ ಅಂದೆ."

ಭಾವ ಕೈ ತೊಳೆದವರೇ ಬೀದಿಗೆ ಓಡಿದರು. ಆ ಸಂಜೆಯೊಳಗೆ ಹನ್ನೊಂದು ರೂಪಾಯಿಗೆ ವ್ಯಾಪಾರ ಕುದುರಿ ಗಾಡಿಗಳು ಬಂದು ನಿಂತವು. ಭಾವ ಅಟ್ಟ ಇಳಿದದ್ದನ್ನು ನೋಡಿ ಪಂಚಾಕ್ಷರಯ್ಯನವರೂ ಮಾರನೆಯ ದಿನವೇ ಮಾರಿದರು. ತಿಂಗಳು ಕಳೆಯುವುದರೊಳಗೆ ಬೆಲೆ ಎಂಟೂವರೆಗೆ ಇಳಿಯಿತು. ಈಶ್ವರಯ್ಯನ ಕಣ್ಣೇ ಕಣ್ಣು ಎಂದು ಊರೆಲ್ಲ ಹೊಗಳಿತು. ಭಾವ ಅದನ್ನು ಬೇಡ ಅನ್ನಲಿಲ್ಲ.

ನಾನು ಅಟ್ಟದಲ್ಲೇ ಕೂತು ಪ್ರಬಂಧವನ್ನು ಮೊದಲಿನಿಂದ ಬರೆದೆ. ಎಲ್ಲ ತಿಳಿದ ಒಬ್ಬರು ಪೇಟೆಯಲ್ಲಿ ಇದ್ದದ್ದು ನಿಜವೇ; ನಾನು ನೋಡಿದ್ದು ಅಟ್ಟವನ್ನು, ಅವರಿದ್ದದ್ದು ಅಡುಗೆಮನೆಯಲ್ಲಿ. ಕೊಸರಿನ ಮೇಲೆ ಒಂದು ಅಧ್ಯಾಯವನ್ನೇ ಬರೆದು, ಅಕ್ಕನ ಹೆಸರು ಹಾಕುತ್ತೇನೆ ಅಂದೆ.

"ಬೇಡ ಕಣೋ," ಎಂದಳು ಗಾಬರಿಯಿಂದ. "ಕೃಷ್ಣಪ್ಪನ ಕಿವಿಗೆ ಬಿದ್ರೆ ಅವನು ಕೊಸರು ಹಾಕೋ ರೀತಿನೇ ಬದಲಾಯಿಸ್ತಾನೆ. ಆಮೇಲೆ ನಾನು ಏನು ನೋಡ್ಲಿ?"

ಪುಸ್ತಕದಲ್ಲಿ ಎಲ್ಲೂ ಓದಿರದ ಈ ಮಾತನ್ನೂ ಪ್ರಬಂಧಕ್ಕೆ ಸೇರಿಸಿ, 'ಸ್ಥಳೀಯ ಅನುಭವಿಯೊಬ್ಬರು' ಎಂದಷ್ಟೇ ಬರೆದೆ.

ಮೈಸೂರಿಗೆ ಹೊರಡುವ ದಿನ ಫಾರಂಗಳನ್ನು ಜೋಡಿಸುವಾಗ ಭಾವನ ಏಳನೆಯ ಪ್ರಶ್ನೆ ಇನ್ನೂ ಖಾಲಿ ಇತ್ತು. ಕೊಟ್ಟೆ. ಅವರು ಲೇಖನಿ ಅದ್ದಿ, ದೊಡ್ಡಕ್ಷರದಲ್ಲಿ 'ಸುವರ್ಣಮ್ಮ' ಎಂದು ಬರೆದರು.

"ಭಾವ, ಎಲ್ಲಿ ಅಂತ ಕೇಳಿರೋದು. ಯಾರು ಅಂತ ಅಲ್ಲ."

"ಗೊತ್ತು ಕಣೋ," ಎಂದರು ಭಾವ ಒಳಗಿನ ಕಡೆ ನೋಡಿ, ದನಿ ತಗ್ಗಿಸಿ. "ಆ ಗಂಟು ಈಗ ಎಲ್ಲಿಟ್ಟಿದ್ದಾಳೆ ಅಂತ ಅವಳು ಹೇಳಿದ್ರೆ ತಾನೆ ಬರೆಯೋದು?"

ಪ್ರೊಫೆಸರು ಆ ಫಾರಮನ್ನು ಹಾಗೆಯೇ ಒಪ್ಪಿಕೊಂಡರು, ಪ್ರಬಂಧವನ್ನೂ ಒಪ್ಪಿಕೊಂಡರು. ಅನುಭವಿಗಳಿಗೆ ತಮ್ಮ ನಮಸ್ಕಾರ ತಿಳಿಸಲು ಹೇಳಿದರು. ಅರಕಲಗೂಡಿನ ಗಜ ಅಪ್ಪನ ಕೈಯಲ್ಲೇ ಉಳಿಯಿತು.